ಮೂರು ಚುಕ್ಕೆಯ ಕೊಂಡಿ

ಅಪ್ಪ ಕೊನೆಯ ಸಲ ನಮ್ಮ ಮನೆಗೆ ಬಂದದ್ದು ಒಂದು ಸೋಮವಾರ. ಚಳ್ಳಕೆರೆ ಬಸ್ಸಿನಿಂದ ಇಳಿದು, ಮೊಳಕಾಲ್ಮೂರಿನ ನಮ್ಮ ಓಣಿಯವರೆಗೆ ನಡೆದುಬಂದು, ಮಗ್ಗದ ಕೋಣೆಯ ಹೊಸ್ತಿಲ ಮೇಲೆ ಕೂತ. ನಾನು ಸೆರಗು ನೇಯುತ್ತಿದ್ದೆ. ಕೆಲಸದ ನಡುವೆ ಮಾತನಾಡಿಸುವ ಅಭ್ಯಾಸ ಅವನಿಗಿರಲಿಲ್ಲ. ಮೇಯುತ್ತಿರುವ ಕುರಿಯನ್ನು ಬೆದರಿಸಬಾರದು ಎನ್ನುವವನ ಹಾಗೆ, ನಾನು ಮಗ್ಗದಿಂದ ಕೈ ತೆಗೆಯುವವರೆಗೂ ಕಾದ.

ಆಮೇಲೆ ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದ. ನನ್ನ ಮಗಳಿಗೆ ಚಳ್ಳಕೆರೆಯ ಅಂಗಡಿಯಿಂದ ಬೆಳ್ಳಿಯ ಕಾಲ್ಗೆಜ್ಜೆ ತಂದಿದ್ದ. ಅದರ ಮೇಲೆ ಏನೋ ಬರೆದಿದ್ದಾರಂತೆ, ಓದಿ ಹೇಳು ಎಂದ. ಜರಿ ನೋಡುವುದಕ್ಕೆ ಇಟ್ಟುಕೊಂಡ ಭೂತಗನ್ನಡಿ ನನ್ನ ಹತ್ತಿರ ಇತ್ತು. ನಮ್ಮ ಕಸುಬಿನಲ್ಲಿ ಬೆಳ್ಳಿಯ ಪರೀಕ್ಷೆ ಹೊಸದೇನಲ್ಲ. ಜರಿಯ ಎಳೆಯನ್ನು ಕಲ್ಲಿಗೆ ಉಜ್ಜಿದರೆ ಮೇಲಿನ ಚಿನ್ನದ ನೀರು ಹೋಗುತ್ತದೆ. ಕೆಳಗೆ ಬಿಳಿ ಕಂಡರೆ ಬೆಳ್ಳಿ, ಕೆಂಪು ಕಂಡರೆ ತಾಮ್ರ. ಗೆಜ್ಜೆಯ ಕೊಂಡಿಯ ಹತ್ತಿರ ಸಾಸಿವೆಯಷ್ಟು ಜಾಗದಲ್ಲಿ ಒಂದು ತ್ರಿಕೋನ, ಪಕ್ಕದಲ್ಲಿ 925 ಎಂಬ ಅಂಕಿ, ಆಮೇಲೆ ಕೆಲವು ಅಕ್ಷರಗಳು ಇದ್ದವು. ಅಪ್ಪನಿಗೆ ಬಿಡಿಸಿ ಹೇಳಿದೆ. ಸಾವಿರ ಪಾಲಿನಲ್ಲಿ ಒಂಬೈನೂರ ಇಪ್ಪತ್ತೈದು ಪಾಲು ಬೆಳ್ಳಿ ಎಂದು ಆ ಅಂಕಿಯ ಅರ್ಥ. ಅಂಕಿ ಒಂದೇ ಇದ್ದರೆ ಅದು ಅಂಗಡಿಯವನ ಬಾಯಿಮಾತು. ತ್ರಿಕೋನವೂ ಇದ್ದರೆ ಸರ್ಕಾರದ ಪರೀಕ್ಷೆ ಆಗಿದೆ ಎಂದು ಲೆಕ್ಕ.

"ಸರ್ಕಾರ ಹೇಳಿದ್ರೇನೇ ಬೆಳ್ಳಿ ಬೆಳ್ಳಿ ಆಗ್ತೈತೇನವ್ವಾ?" ಎಂದ.

"ನಿನ್ ಉಡಿದಾರಕ್ಕೆ ಏನೈತಪ್ಪ ಗ್ಯಾರಂಟಿ?" ಎಂದೆ.

ಅಂಗಿ ಎತ್ತಿ ಸೊಂಟದ ಬೆಳ್ಳಿ ಉಡಿದಾರದ ಕೊಂಡಿಯನ್ನು ಹೊರಗೆ ತಿರುಗಿಸಿ ತೋರಿಸಿದ. ಮೂರು ಚುಕ್ಕೆಗಳಿದ್ದವು, ನಡುವಿನದು ಸ್ವಲ್ಪ ಕೆಳಗೆ ಜಾರಿತ್ತು. ಅದು ನನ್ನ ತವರೂರಿನ ಅಕ್ಕಸಾಲಿಗನ ಮುದ್ರೆ. ಅವನ ಉಳಿ ಯಾವಾಗಲೂ ಹಾಗೇ ಜಾರುತ್ತಿತ್ತಂತೆ, ಊರಿನಲ್ಲಿ ಅವನು ಮಾಡಿದ್ದನ್ನೆಲ್ಲ ಆ ಜಾರಿದ ಚುಕ್ಕೆಯಿಂದಲೇ ಗುರುತು ಹಿಡಿಯುತ್ತಿದ್ದರಂತೆ. ಬಿಚ್ಚಿ ಕೊಡು, ಸರಿಯಾಗಿ ನೋಡುತ್ತೇನೆ ಎಂದು ಕೈ ಚಾಚಿದೆ.

"ಇದನ್ನ ಬಿಚ್ಚೋದು ಒಂದೇ ಸಲ. ಆವಾಗ ಬಿಚ್ಚೋನು ನಾನಲ್ಲ. ನೀನೀಗ್ಲೇ ಅವಸರ ಮಾಡ್ಬ್ಯಾಡ."

ಇಬ್ಬರೂ ನಕ್ಕೆವು. ನಾನು ಬಗ್ಗಿ, ಅವನ ಸೊಂಟದ ಹತ್ತಿರ ಕನ್ನಡಿ ಹಿಡಿದು ನೋಡಿದೆ. ಕುರಿ ಉಣ್ಣೆಯ ವಾಸನೆ ಬರುತ್ತಿತ್ತು. ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ.

ಮಾರನೆಯ ದಿನ ಅವನು ಕುದಾಪುರದ ಕಡೆಯ, ಕುರಿ ಮೇಯುವ ಕಾವಲಿನಲ್ಲಿ ಬಿದ್ದಿದ್ದ. ಮೊದಲು ಎಲ್ಲ ಬಯಲಾಗಿದ್ದ ಆ ಕಡೆ ಈಗ ಉದ್ದಕ್ಕೂ ಸರ್ಕಾರದ ಸಂಸ್ಥೆಗಳ ಗೋಡೆ ಎದ್ದಿದೆ. ಅಪ್ಪ ಗೋಡೆಯ ಹೊರಗಿನ ಪಟ್ಟಿಯಲ್ಲೇ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಆ ಗೋಡೆಯ ನೆರಳಿನಲ್ಲಿ ಸಿಕ್ಕಿದ. ಎದೆ ನಿಂತಿದೆ ಎಂದರು ಡಾಕ್ಟರು. ಕುರಿಗಳು ಚೆದುರಿರಲಿಲ್ಲ, ಅವನ ಸುತ್ತಲೇ ನಿಂತಿದ್ದವಂತೆ.

ನಾನು ಊರು ಮುಟ್ಟಿದಾಗ ನೀರು ಹಾಕಲು ಸಿದ್ಧ ಮಾಡುತ್ತಿದ್ದರು. ಮಣ್ಣಿಗೆ ಹೋಗುವವನ ಮೈಮೇಲೆ ಉಡಿದಾರ ಇರಬಾರದು. ದೊಡ್ಡಪ್ಪ ಕೊಂಡಿ ಬಿಚ್ಚಲು ನೋಡಿದ. ವರ್ಷಗಟ್ಟಲೆ ಬಿಚ್ಚದೆ ಅದು ಬಿಗಿದುಕೊಂಡಿತ್ತು. ಎಣ್ಣೆ ಬಿಟ್ಟು, ಮತ್ತೆ ಮತ್ತೆ ತಿರುಚಿ ಕೊನೆಗೆ ತೆಗೆದ. ಅಪ್ಪನ ಸೊಂಟದ ಸುತ್ತ ಬಿಸಿಲು ಕಾಣದ ಒಂದು ಬಿಳಿ ಗೆರೆ ಉಳಿದಿತ್ತು. ಅವ್ವ ಉಡಿದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ನಮ್ಮ ಮನೆತನದಲ್ಲಿ ಸತ್ತವರ ಮೈಮೇಲಿನ ಬೆಳ್ಳಿ ಕರಗಿಸಿ ಒಂದು ಸಣ್ಣ ಮುಖ ಮಾಡಿಸುತ್ತಾರೆ. ಅದನ್ನು ದೇವರ ಗೂಡಿನಲ್ಲಿ ಹಿರಿಯರ ಸಾಲಿಗೆ ಇಡುತ್ತಾರೆ. ಬೇರೆ ಬೆಳ್ಳಿ ಬೆರೆಸುವಂತಿಲ್ಲ. ಅಕ್ಕಸಾಲಿಗ ಬೆಳ್ಳಿ ಕರಗಿಸುವ ಮೂಸೆಯನ್ನು ಒಲೆಗಿಟ್ಟಾಗಿನಿಂದ ಮುಖ ಆಗುವವರೆಗೂ ಮನೆಯವರೊಬ್ಬರು ಎದುರಿಗೆ ಕೂತಿರಬೇಕು, ಕಣ್ಣು ತೆಗೆಯಬಾರದು. ಮುಖ ಒಳಗೆ ಬರುವ ತನಕ ಸತ್ತವರು ಬಾಗಿಲ ಹೊರಗೇ ನಿಂತಿರುತ್ತಾರೆ ಎಂದು ನಂಬಿಕೆ. ಅಲ್ಲಿಯವರೆಗೆ ಅವರ ಎಡೆಯನ್ನೂ ಹೊಸ್ತಿಲ ಆಚೆಗೇ ಇಡುತ್ತಾರೆ.

ಹಾಗೆ ಅಪ್ಪನ ಮುದ್ದೆಯನ್ನು ಅವ್ವ ಹೊರಗೆ ಇಡತೊಡಗಿದಳು. ಅವನನ್ನು ಬೇಗ ಒಳಗೆ ಕರೆದುಕೊಳ್ಳಬೇಕು ಎಂಬುದೊಂದೇ ಅವಳ ಮಾತು. ಮೂರು ಚುಕ್ಕೆಯ ಅಕ್ಕಸಾಲಿಗ ತೀರಿಕೊಂಡು ಬಹಳ ದಿನವಾಗಿತ್ತು. ಅವನ ಮಗ ಗಾರೆ ಕೆಲಸಕ್ಕೆ ಹೋಗುತ್ತಾನೆ, ಮೂಸೆ ಇಕ್ಕಳ ಮನೆಯಲ್ಲಿ ಉಳಿದಿಲ್ಲ. ಚಳ್ಳಕೆರೆಗೆ ಹೋಗಿ ಮಾಡಿಸಿಕೊಂಡು ಬರುತ್ತೇನೆ ಎಂದು ನನ್ನ ತಮ್ಮ ಉಡಿದಾರ ತೆಗೆದುಕೊಂಡು ಹೋದ.

ಸಂಜೆಗೇ ಬಂದ. ಇಷ್ಟು ಬೇಗ ಹೇಗೆ ಎಂದು ನಾನು ಕೇಳುವ ಮೊದಲೇ ಕೆಂಪು ಡಬ್ಬಿ ತೆರೆದ. ಒಳಗೆ ಹೊಳೆಯುವ ಒಂದು ಮುಖ, ತಿದ್ದಿದ ಮೀಸೆ, ಹಣೆಗೆ ನಾಮದ ಗೆರೆ.

"ಗ್ಯಾರಂಟಿ ಮಾಲಕ್ಕ. ಹಿಂದೆ ತಿರುಗಿಸಿ ನೋಡು, ಮುದ್ರೆ ಐತೆ."

ತಿರುಗಿಸಿದೆ. ತ್ರಿಕೋನ ಇತ್ತು. ಅಂಕಿ ಇತ್ತು. ಅಕ್ಷರಗಳೂ ಸರಿಯಾಗಿದ್ದವು. ಯಾವ ಅಂಗಡಿಯಲ್ಲಿಟ್ಟರೂ ಅದು ಅಪ್ಪಟ ಬೆಳ್ಳಿಯೇ. ಇದನ್ನು ಎಲ್ಲಿ ಕರಗಿಸಿದರು, ನೀನು ಎದುರಿಗೆ ಕೂತಿದ್ದೆಯಾ ಎಂದು ಕೇಳಿದೆ. ಅವನು ನಿಧಾನವಾಗಿ ಹೇಳಿದ. ಅಂಗಡಿಯವನು ಉಡಿದಾರ ನೋಡಿ, ಇದಕ್ಕೆ ಮುದ್ರೆ ಇಲ್ಲ, ಎಷ್ಟು ತಾಮ್ರ ಬೆರೆತಿದೆಯೋ ಯಾರಿಗೆ ಗೊತ್ತು, ಇದೇ ತೂಕಕ್ಕೆ ಮುದ್ರೆ ಇರುವ ಮುಖ ಸಿದ್ಧವಿದೆ ಎಂದನಂತೆ. ತಮ್ಮನಿಗೆ ಅಪ್ಪನನ್ನು ತಾಮ್ರ ಬೆರೆತ ಬೆಳ್ಳಿಯಲ್ಲಿ ಕೂರಿಸಲು ಮನಸ್ಸಾಗಲಿಲ್ಲ. ಎಲ್ಲರ ಮುಖಕ್ಕಿಂತ ಚೆನ್ನಾಗಿರುವುದು ಅಪ್ಪನಿಗೆ ಬರಲಿ ಎಂದುಕೊಂಡ. ಅಪ್ಪನ ಉಡಿದಾರ ಕೊಟ್ಟು ಅಂಗಡಿಯ ಮುಖ ತಂದ.

ಹೇಳುತ್ತಾ ಹೇಳುತ್ತಾ ಅವನಿಗೇ ತಿಳಿಯಿತು.

ಬೆಳಿಗ್ಗೆ ಇಬ್ಬರೂ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋದೆವು. ಅಂಗಡಿ ಬಾಗಿಲು ತೆಗೆಯುವವರೆಗೆ ಎದುರಿನ ಎಣ್ಣೆ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೆವು. ಅಂಗಡಿಯವನು ಕೆಟ್ಟವನಲ್ಲ. ಕುರ್ಚಿ ಹಾಕಿಸಿದ, ನೀರು ಕೊಡಿಸಿದ, ಪೂರ್ತಿ ಕೇಳಿಸಿಕೊಂಡ.

"ಮೊದ್ಲೇ ಹೇಳಿದ್ರೆ ತೆಗೆದಿಡ್ತಿದ್ದೆನಮ್ಮಾ. ಹಳೇ ಮಾಲೆಲ್ಲ ನಿನ್ನೆ ಸಂಜೇನೇ ಕರಗ್ಸೋಕೆ ಹೋತು. ಒಂದ್ಸಲ ಕರಗಿದ್ಮೇಲೆ ಯಾರ್ದು ಯಾವ್ದು ಅಂತ ಹೇಳೋಕಾಗಲ್ಲ."

ಕೊಂಡಿಯೊಂದಾದರೂ ಉಳಿದಿದೆಯೇ ಎಂದು ಕೇಳಿದೆ. ಕೆಲವೊಮ್ಮೆ ಮುರಿದು ಬಿದ್ದವು ಉಳಿದಿರುತ್ತವೆ ಎಂದು ಒಂದು ತಟ್ಟೆ ತಂದು ನನ್ನ ಮುಂದೆ ಸುರಿದ. ಯಾರ ಯಾರದೋ ಕೊಂಡಿಗಳು, ಗೆಜ್ಜೆಯ ಗುಂಡುಗಳು, ಅರ್ಧ ಕಾಲುಂಗುರಗಳು. ಭೂತಗನ್ನಡಿ ಹಿಡಿದು ಒಂದೊಂದನ್ನೇ ತಿರುಗಿಸಿದೆ. ಒಂದರಲ್ಲಿ ಹೂವಿನ ಮುದ್ರೆ, ಒಂದರಲ್ಲಿ ಸವೆದ ತೆಲುಗು ಅಕ್ಷರ, ಒಂದರಲ್ಲಿ ಅಂಕಿ ಮಾತ್ರ. ಒಂದು ಕೊಂಡಿಯಲ್ಲಿ ಚುಕ್ಕೆಗಳು ಕಂಡವು. ತಮ್ಮ ನನ್ನ ಭುಜ ಹಿಡಿದುಕೊಂಡ. ಬೆಳಕಿಗೆ ಹಿಡಿದೆ. ಮೂರೂ ಚುಕ್ಕೆ ಒಂದೇ ಸಾಲಿನಲ್ಲಿ ನೆಟ್ಟಗಿದ್ದವು. ಕೆಳಗಿಟ್ಟೆ.

ಹೊರಡುವಾಗ ತಮ್ಮ ಬಾಗಿಲಲ್ಲಿ ನಿಂತು, ಆ ಬೆಳ್ಳಿ ಹೇಗಿತ್ತು ಎಂದು ಅಂಗಡಿಯವನನ್ನು ಕೇಳಿದ. ಕೇಳಬಾರದಿತ್ತು.

"ಚೆನ್ನಾಗೇ ಇತ್ತಪ್ಪ," ಎಂದ ಅಂಗಡಿಯವನು.

ಬಸ್ಸಿನಲ್ಲಿ ತಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅವನ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ.

ಅವ್ವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ದೊಡ್ಡಪ್ಪ ಸಮಾಧಾನ ಮಾಡಲು ನೋಡಿದ. ಬೆಳ್ಳಿ ಯಾವುದಾದರೇನು, ಕೂರಿಸುವವರ ಮನಸ್ಸು ಮುಖ್ಯ, ಮುಖವನ್ನು ತೊಳೆದು ಒಳಗೆ ತೆಗೆದುಕೊಳ್ಳಿ ಎಂದ. ಅವ್ವ ಮುಖವನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಹೆಬ್ಬೆರಳಿನಿಂದ ಮೀಸೆ ಸವರಿದಳು. ಹಿಂದೆ ತಿರುಗಿಸಿ, ಅವಳು ಓದಲಾರದ ಆ ಮುದ್ರೆಯ ಮೇಲೂ ಬೆರಳಾಡಿಸಿದಳು.

"ಬೆಳ್ಳಿ ಚೆನ್ನಾಗೈತೆ," ಎಂದಳು. "ಇವ್ರು ಯಾರೋ."

ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಳು. ತಮ್ಮ ಎದ್ದು ಕುರಿಹಟ್ಟಿಯ ಕಡೆ ಹೋದ. ಅವನನ್ನು ಊಟಕ್ಕೆ ಕರೆಯಲು ಅವಳೇ ಹೋದಳು.

ಪಿತೃಪಕ್ಷದ ಅಮಾವಾಸ್ಯೆಗೆ ನಾನು ಊರಿಗೆ ಹೋಗಿದ್ದೆ. ಗೂಡಿನ ಹಿರಿಯರನ್ನೆಲ್ಲ ಹುಣಸೆಹಣ್ಣು ಹಚ್ಚಿ ತೊಳೆದೆವು. ಅಜ್ಜನ ಮುಖದ ಹಿಂದೆ ಬೆರಳಿಟ್ಟರೆ ಜಾರಿದ ಚುಕ್ಕೆ ಈಗಲೂ ತಾಗುತ್ತದೆ. ಅಜ್ಜನ ಪಕ್ಕದ ಜಾಗವನ್ನು ಅವ್ವ ಒರೆಸಿ ಖಾಲಿ ಬಿಟ್ಟಳು. ಒಳಗೆ ಎಲ್ಲರಿಗೂ ಎಡೆ ಹಾಕಿದ ಮೇಲೆ ಇನ್ನೊಂದು ಎಲೆ ತೆಗೆದುಕೊಂಡು ಬಾಗಿಲ ಆಚೆ ಹೋದಳು. ನಾನು ನೀರಿನ ಚೊಂಬು ಹಿಡಿದು ಹಿಂದೆ ಹೋದೆ.

ಮೂರು ಚುಕ್ಕೆಯ ಆ ಕೊಂಡಿ ಸಿಕ್ಕಿಲ್ಲ. ಅಪ್ಪ ಇನ್ನೂ ಒಳಗೆ ಬಂದಿಲ್ಲ.