ಎರಡು ಸಲ ತೋಡಿದ ಪಾಯ

ತಪ್ಪು ನನ್ನದೇ. ಅದನ್ನು ಮೊದಲೇ ಬರೆದುಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಪಂಚಾಯ್ತಿಯವರನ್ನು, ಎಂಜಿನಿಯರನ್ನು, ನಮ್ಮ ಕಾಕುವನ್ನು ಬೈಯುವುದು ಬೇಕಾದಷ್ಟಿದೆ.

ಕಾಕು ಅಂದರೆ ತೀರಿಹೋದ ನಮ್ಮ ಚಿಕ್ಕಪ್ಪನ ಹೆಂಡತಿ. ಕರೋಶಿಯಿಂದ ಸ್ವಲ್ಪ ಆಚೆಗಿರುವ ನಮ್ಮೂರಿನಲ್ಲಿ, ನಮ್ಮ ಮನೆಯ ಹಿಂದೆಯೇ ಸುತ್ತಲೂ ಮೇಲೂ ತಗಡಿನ ಪತ್ರಾ ಹೊದಿಸಿದ ಒಂದು ಕೋಣೆಯಲ್ಲಿ ಇದ್ದಳು. ಅವಳಿಗೆ ಮೂವತ್ತೆಂಟು ಕುರಿ, ಒಬ್ಬಳೇ ಮಗಳು. ಮಗಳನ್ನು ಶೇಡಬಾಳಕ್ಕೆ ಕೊಟ್ಟಿತ್ತು. ಆ ಬೇಸಿಗೆಯಲ್ಲಿ ಅವಳು ಬಸುರಿ ಎಂಬ ಸುದ್ದಿ ಬಂತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂಬುದು ನಮ್ಮಲ್ಲಿಯ ರೂಢಿ. ಸುದ್ದಿಯ ಹಿಂದೆಯೇ ಅವಳ ಅತ್ತೆಯ ಫೋನೂ ಬಂತು.

"ಬೀಗತಿ, ನಿಮಗ ಸಿಟ್ಟು ಬಂದ್ರೂ ಅಡ್ಡಿಯಿಲ್ಲ. ಆ ಪತ್ರಾದ ಬುಡಕ ನಮ್ಮ ಸೊಸೀನ ಬಾಣಂತನಕ್ಕ ಕಳಸಂಗಿಲ್ಲ. ಗ್ವಾಡಿ ಇದ್ರ ಕಳಸ್ತೀವಿ."

ಕಾಕು ಆ ಇಡೀ ದಿನ ಕುರಿಗಳನ್ನು ಸಹ ಬೈಯಲಿಲ್ಲ. ದೀಪಾವಳಿಯ ಹೊತ್ತಿಗೆ ಹೆರಿಗೆ. ಅಷ್ಟರೊಳಗೆ ಗೋಡೆ ಬೇಕು.

ಮೇ ತಿಂಗಳ ಗ್ರಾಮಸಭೆಯಲ್ಲಿ ವಸತಿ ಯೋಜನೆಯ ಪಟ್ಟಿ ಓದಿದರು. ಹನ್ನೊಂದು ಹೆಸರುಗಳಲ್ಲಿ ಕಾಕುವಿನದು ಏಳನೆಯದು. ನಾನು ಚಿಕ್ಕೋಡಿಯಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಜನರ ಅರ್ಜಿ ತುಂಬುವ ಕೆಲಸ ಮಾಡುತ್ತೇನೆ. ದಿನಕ್ಕೆ ಎಷ್ಟು ತುಂಬಿದೆ, ಎಷ್ಟು ಹಿಂದಕ್ಕೆ ಬಂದವು ಎಂದು ಡೈರಿಯಲ್ಲಿ ಬರೆದಿಡುತ್ತೇನೆ. ಹಾಗಾಗಿ ಸರಕಾರದ ನಡೆ ನನಗೆ ಗೊತ್ತು ಎಂಬ ಭ್ರಮೆ ಇತ್ತು.

"ಪಟ್ಟಿ ಆತಂದ್ರ ಹದಿನೈದು ದಿನದಾಗ ಕಾರ್ಯಾದೇಶ ಬರ್ತೈತಿ," ಎಂದೆ.

"ಮಣ್ಣೆತ್ತಿನ ಅಮಾಸಿಯೊಳಗ ಬರ್ತೈತೇನ ಹೇಳು," ಎಂದಳು ಕಾಕು. "ಅದಾದ್ರ ಆಷಾಢ. ಆಷಾಢದಾಗ ಪಾಯಾ ತೋಡಂಗಿಲ್ಲ. ನಾಗರ ಅಮಾಸಿತನಾ ಯಾವ ಗೌಂಡೀನೂ ಥಾಪಿ ಹಿಡ್ಯಾಂಗಿಲ್ಲ."

"ಹಂಗಾದ್ರ ಈಗ ತೋಡಿಸಿಬಿಡು. ಆದೇಶ ಎಲ್ಲಿ ಹೊಕ್ಕೈತಿ, ಹಿಂದಿಂದ ಬರ್ತೈತಿ."

ಇದೇ ಆ ತಪ್ಪು. ಡೈರಿಯಲ್ಲಿ ಇದರ ಕೆಳಗೆ ಆಮೇಲೆ ಎರಡು ಗೆರೆ ಎಳೆದಿದ್ದೇನೆ.

ಕಾರಹುಣ್ಣಿಮೆಯ ಹಿಂದಿನ ಸೋಮವಾರ ಕಾಕು ಕಾಯಿ ಒಡೆದಳು. ಗೌಂಡಿ ಮತ್ತು ಇಬ್ಬರು ಆಳು ಆರು ದಿನ ದುಡಿದು ನೆಲದ ಮಟ್ಟದವರೆಗೆ ಕಲ್ಲು ಕಟ್ಟಿ ಪಾಯ ತಂದರು. ಕಾಕು ದಿನಾ ಸಂಜೆ ಕುರಿ ಕೂಡಿಸಿದ ಮೇಲೆ ಅದರ ಸುತ್ತ ಒಂದು ಸಲ ನಡೆದು ಬರುತ್ತಿದ್ದಳು. ಬಾಣಂತಿಯ ಮಂಚ ಎಲ್ಲಿ, ತೊಟ್ಟಿಲು ಎಲ್ಲಿ ಎಂದು ಖಾಲಿ ಹೊಂಡಕ್ಕೆ ಬೆರಳು ತೋರಿಸಿ ನಮ್ಮವ್ವನಿಗೆ ಹೇಳುತ್ತಿದ್ದಳು.

ಮರುವಾರ ಪಂಚಾಯ್ತಿಯ ಕಡೆಯಿಂದ ಎಂಜಿನಿಯರು ಬಂದರು. ಬೈಕಿನಿಂದ ಇಳಿದು, ಫೋನು ತೆಗೆದು, ಅಲ್ಲೇ ನಿಂತರು.

"ಇದೇನ್ರಿ ಇದು?"

"ಪಾಯಾ ರೀ ಸಾಹೇಬ್ರ," ಎಂದಳು ಕಾಕು, ತುಂಬು ಸಂತೋಷದಿಂದ.

"ಪಾಯಾ ಅನ್ನೂದು ನನಗೂ ಕಾಣ್ತೈತ್ರಿ. ಯಾರು ಹಾಕಂದ್ರು?"

ಕಾಕು ನನ್ನ ಕಡೆ ಕೈ ಮಾಡಿದಳು. "ಇಂವಾರೀ. ಭಾಳ ಓದ್ಯಾನ."

ಅವರು ವಿವರಿಸಿದರು. ಫೋನಿನ ಆ್ಯಪಿನಲ್ಲಿ ಮೊದಲು ಬಯಲು ಜಾಗದ ಫೋಟೊ ಹೋಗಬೇಕು, ಅದರಲ್ಲಿ ಫಲಾನುಭವಿ ನಿಂತಿರಬೇಕು. ಅದು ಹೋದ ಮೇಲೆ ಕಾರ್ಯಾದೇಶ. ಆದೇಶ ಬಂದ ಮೇಲೆ ಪಾಯದ ಫೋಟೊ. ಪಾಯ ಮೊದಲೇ ಇದ್ದರೆ ಅದು ಹಳೆಯ ಕೆಲಸ, ಹಳೆಯ ಕೆಲಸಕ್ಕೆ ಮನೆ ಇಲ್ಲ. ಪಾಯ ಹಾಕಿದ್ದರಿಂದ ಮನೆ ಬೇಗ ಆಗುತ್ತದಲ್ಲವೇ ಎಂದು ನಾನು ಕೇಳಿದೆ. ಆ್ಯಪ್ ತಾವು ಮಾಡಿದ್ದಲ್ಲ ಎಂದರು. ಬೈಕು ಚಾಲೂ ಮಾಡಿ, ಮುಖವನ್ನು ರಸ್ತೆಯ ಕಡೆ ಇಟ್ಟುಕೊಂಡೇ ಒಂದು ಮಾತು ಹೇಳಿದರು.

"ನಾ ಇವತ್ತ ಈ ಓಣಿಗೆ ಬಂದೇ ಇಲ್ಲ. ಶುಕ್ರವಾರ ಬರ್ತೀನಿ. ಶುಕ್ರವಾರ ಇಲ್ಲಿ ಬಯಲು ಇದ್ರ ಬಯಲು ಅಂತ ಬರೀತೀನಿ. ಪಾಯಾ ಇದ್ರ ಪಾಯಾ ಅಂತ ಬರೀತೀನಿ."

ಆರು ದಿನದಲ್ಲಿ ಕಟ್ಟಿದ್ದನ್ನು ಎರಡು ದಿನದಲ್ಲಿ ಮುಚ್ಚಿದೆವು. ಹೊಂಡಕ್ಕೆ ಮಣ್ಣು ತುಂಬಿ, ಕಲ್ಲಿನ ಮೇಲೂ ಒಂದು ಗೇಣು ಮಣ್ಣು ಹಾಕಿದೆವು. ಹಾಗೆ ಹಾಕಿದ ಮಣ್ಣು ನಿನ್ನೆ ಮೊನ್ನೆ ಹೂತ ಹೆಣದ ಗೋರಿಯಂತೆ ಎದ್ದು ಕಾಣುತ್ತಿತ್ತು. ಕಾಕು ಕುರಿಗಳನ್ನು ಅದರ ಮೇಲೆ ಹಾಯಿಸಿದಳು. ಗುರುವಾರ ಮೂರು ಸುತ್ತು, ಶುಕ್ರವಾರ ಬೆಳಿಗ್ಗೆ ಎರಡು ಸುತ್ತು. ಮೂವತ್ತೆಂಟು ಕುರಿಗಳ ಕಾಲು ಐದು ಸಲ ಬಿದ್ದ ಮೇಲೆ ನೆಲ ನೂರು ವರ್ಷದ ಬಯಲಿನ ಹಾಗೆ ಆಯಿತು. ಹಿಕ್ಕೆಯೂ ಬಿದ್ದಿತ್ತು.

ಎಂಜಿನಿಯರು ಫೋನು ಹಿಡಿದು, "ಆ ಮರಿ ಸರಸ್ರಿ, ಫೋಟೊದಾಗ ಬರ್ತೈತಿ," ಎಂದರು.

"ಬರಲಿ ಬಿಡ್ರಿ, ಕೆಲಸಾ ಅದೂ ಮಾಡೈತಿ," ಎಂದಳು ಕಾಕು.

ಫೋಟೊ ಹೋಯಿತು. ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನೂ ಐದು ದಿನವಿತ್ತು. ಈ ಐದು ದಿನದಲ್ಲಿ ಆದೇಶ ಬಂದರೆ ಎಲ್ಲ ಸರಿಹೋಗುತ್ತಿತ್ತು. ನಾನು ಐದೂ ದಿನ ಪಂಚಾಯ್ತಿಗೆ ಹೋದೆ. ಎರಡು ದಿನ ಬೀಗ, ಒಂದು ದಿನ ತಾಲೂಕಿನಲ್ಲಿ ಮೀಟಿಂಗು, ಒಂದು ದಿನ ಸರ್ವರ್ ಇಲ್ಲ. ಐದನೆಯ ದಿನ ಕುರ್ಚಿಯಲ್ಲಿ ಮನುಷ್ಯರಿದ್ದರು, ಸರ್ವರೂ ಇತ್ತು, ಕರೆಂಟು ಇರಲಿಲ್ಲ.

ಆದೇಶ ಬಂದದ್ದು ಆಷಾಢ ಹೊಕ್ಕ ಒಂಬತ್ತನೆಯ ದಿನ. ಪಾಯದ ಫೋಟೊಕ್ಕೆ ಗಡುವು ನಾಗರ ಅಮಾವಾಸ್ಯೆಗಿಂತ ನಾಲ್ಕು ದಿನ ಮೊದಲು. ಅಷ್ಟರೊಳಗೆ ಆಗದಿದ್ದರೆ ಮನೆ ರದ್ದು, ಕಾಯುವ ಪಟ್ಟಿಯಲ್ಲಿದ್ದ ಮುಂದಿನವರಿಗೆ ಹೋಗುತ್ತದೆ. ಬರೀ ನಾಲ್ಕು ದಿನ ಮುಂದೂಡಿರಿ ಎಂದು ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ ಮೇಡಂ ಅವರನ್ನು ಕೇಳಿದೆ.

"ಕಾರಣ ಏನಂತ ಬರೀಲೋ ತಮ್ಮಾ? ಆಷಾಢ ಅಂತ ಬರದ್ರ ಮ್ಯಾಲಿನವ್ರು ನಗ್ತಾರ." ಕಾಗದ ನನ್ನ ಕಡೆ ಸರಿಸಿ, ದನಿ ಇಳಿಸಿ ಅಂದರು, "ನನ್ನ ಮನಿ ಆಗಿದ್ರ ನಾನೂ ತೋಡ್ತಿದ್ದಿಲ್ಲ ಬಿಡು."

ಈ ಮಾತು ಕೇಳಿ ನನಗೆ ಎಷ್ಟು ಸಿಟ್ಟು ಬಂತೆಂದರೆ, ಛತ್ರಿ ಅಲ್ಲೇ ಬಿಟ್ಟು ಮಳೆಯಲ್ಲಿ ನೆನೆಯುತ್ತ ಮನೆಗೆ ಬಂದೆ.

ಆದರೆ ಅಸಲು ಗೋಡೆ ಮನೆಯಲ್ಲೇ ಇತ್ತು. ಕಾಕು ಒಪ್ಪಲಿಲ್ಲ.

"ಪಾಯಾ ತೋಡಿ ಆಗೇತಿ ಕಾಕು. ಕಾಯಿ ಜೇಷ್ಠದಾಗ ಒಡದೀದಿ. ಈಗ ಬರೇ ಮಣ್ಣ ತಗ್ಯೂದು."

"ಹುಗದ ಮ್ಯಾಲ ಅದು ನೆಲಾ. ನೆಲಕ್ಕ ಗುದ್ದಲಿ ಹಾಕೂದು ತೋಡೂದ."

"ಕಲ್ಲು ಒಳಗ ಅಲ್ಲೇ ಅದಾವಲ್ಲ!"

"ಸತ್ತವರೂ ಒಳಗ ಅಲ್ಲೇ ಇರ್ತಾರ. ಹಂಗಂತ ತಗೀತೀಯೇನು?"

ಡೈರಿ ನೋಡಿದರೆ ನಾನು ಈ ಮಾತು ಎತ್ತಿದ್ದು ಹನ್ನೊಂದು ಸಲ. ಒಂಬತ್ತು ಸಲ ಒಲ್ಲೆ ಅಂದಿದ್ದಾಳೆ, ಎರಡು ಸಲ ಎದ್ದು ಹೋಗಿದ್ದಾಳೆ. ಎರಡನೆಯ ಸಲ ಎದ್ದುಹೋದಾಗ ಅವ್ವ ನನ್ನನ್ನು ಒಳಗೆ ಕರೆದಳು. ಚಿಕ್ಕಪ್ಪ ಒಂದು ಆಷಾಢದಲ್ಲಿ ಕುರಿದೊಡ್ಡಿಗೆ ಗೋಡೆ ಹಾಕಲು ನೆಲ ತೋಡಿದ್ದನಂತೆ. ಕಾಕು ಬೇಡ ಅಂದಿದ್ದಳಂತೆ. ಅದೇ ವರ್ಷ ದಸರೆಗೆ ಮೊದಲು ಚಿಕ್ಕಪ್ಪ ಹೋದ. "ಅಕಿ ಮುಂದ ಲೆಕ್ಕಾ ಓದಬ್ಯಾಡ," ಎಂದಳು ಅವ್ವ. ನನಗೆ ಇದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಸಿಟ್ಟು ಹೋಗಲಿಲ್ಲ, ಯಾರ ಮೇಲೆ ಮಾಡಬೇಕೆಂಬುದು ಮಾತ್ರ ತಿಳಿಯದಾಯಿತು.

ಗಡುವಿಗೆ ಐದು ದಿನ ಉಳಿದಿದ್ದಾಗ, ಒಂದು ರವಿವಾರ ಬೆಳಿಗ್ಗೆ, ನಾನೇ ಗುದ್ದಲಿ ತೆಗೆದುಕೊಂಡು ಹೋದೆ. ಕಾಕು ಹೊಸ್ತಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ತಡೆಯುತ್ತಾಳೆ ಎಂದುಕೊಂಡಿದ್ದೆ. ತಡೆಯಲಿಲ್ಲ. ಮಳೆಗೆ ಮಣ್ಣು ಅಂಟಾಗಿತ್ತು. ಅರ್ಧ ತಾಸಿನಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದವು. ಒಂದು ತಾಸಿನ ಮೇಲೆ ಹಿಂದಿನಿಂದ ದನಿ ಬಂತು.

"ಅಲ್ಲಿ ಅಲ್ಲೋ ಶಾಣ್ಯಾ. ಮೂಲಿ ಬಲಕ್ಕೈತಿ."

ನಾನು ಗುದ್ದಲಿ ಬಿಟ್ಟು ತಿರುಗಿದೆ. "ನೀ ಒಲ್ಲೆ ಅಂದಿದ್ದೆಲ್ಲ?"

"ತೋಡಾಕ ಒಲ್ಲೆ ಅಂದೀನಿ. ಮಾತಾಡಾಕ ಒಲ್ಲೆ ಅಂದೀನೇನು?"

"ನಾ ತೋಡಿದ್ರ ನಡೀತೈತೇನ?"

"ಮನಿ ಯಾರ ಹೆಸರೀಲೆ ಐತಿ, ಆಷಾಢ ಅವರಿಗೆ. ನಿನ್ನ ಹೆಸರೀಲೆ ಏನೈತಿ? ಒಂದು ಸೈಕಲ್ಲೂ ಇಲ್ಲ. ನಿನಗೆಲ್ಲೀ ಆಷಾಢೋ?"

"ಇದನ್ನ ಮೊದಲ ಯಾಕ ಹೇಳ್ಲಿಲ್ಲ?"

"ನೀ ದಿನಾ ಬಂದು ಕೇಳಿದ್ದು ‘ನೀ ತೋಡು, ನೀ ತೋಡು’ ಅಂತ. ಯಾರು ತೋಡಬಹುದು ಅಂತ ಒಂದಿನಾರ ಕೇಳಿದೇನು?"

ತಾಲೂಕು ಕಚೇರಿಯ ಕಿಟಕಿಯೊಳಗಿಂದ ಬರುವ ಉತ್ತರವೂ ಹೀಗೇ ಇರುತ್ತದೆ. ನಾನು ಹನ್ನೊಂದು ಸಲ ತಪ್ಪು ಫಾರ್ಮು ತುಂಬಿದ್ದೆ, ಅಷ್ಟೇ.

ನಾನು ಅವ್ವನಿಗೆ ಹೇಳಿದೆ, ಅವ್ವ ತಮ್ಮ ಮಹಿಳಾ ಸಂಘದವರಿಗೆ ಹೇಳಿದಳು. ಮಧ್ಯಾಹ್ನ ಊಟ ಮುಗಿಸಿ ಏಳು ಜನ ಹೆಂಗಸರು ಸಲಿಕೆ ಬುಟ್ಟಿ ಹಿಡಿದು ಬಂದರು. ನಾನು ಬೆಳಗಿನಿಂದ ತೋಡಿದ್ದನ್ನು ಒಬ್ಬಳು ಸೊಂಟಕ್ಕೆ ಕೈ ಇಟ್ಟು ನೋಡಿದಳು.

"ಝೆರಾಕ್ಸ್ ಅಲ್ಲೋ ತಮ್ಮಾ ಇದು, ಬಟನ್ ಒತ್ತಿದ್ರ ಹೊರಗ ಬರಾಕ. ಸರಿ ಆ ಕಡೆ."

ಇನ್ನೊಬ್ಬಳು ಕಾಕುವಿಗೆ ಕೂಗಿದಳು, "ಅಕ್ಕಾ, ನೀ ಮಣ್ಣ ಮುಟ್ಟಬ್ಯಾಡ. ಚಾ ಮುಟ್ಟಬಹುದಲ್ಲ?"

ಕಾಕು ಎರಡು ದಿನದಲ್ಲಿ ಆರು ಸಲ ಚಹಾ ಮಾಡಿದಳು. ಸೋಮವಾರ ಸಂಜೆಗೆ ಕಲ್ಲು ಪೂರಾ ಮೇಲೆ ಕಂಡವು. ಕುರಿ ತುಳಿದಿದ್ದರಿಂದಲೋ ಏನೋ ಒಂದು ಕಲ್ಲೂ ಅಲುಗಿರಲಿಲ್ಲ.

ಬುಧವಾರ ಎಂಜಿನಿಯರು ಬಂದು, ಫಲಾನುಭವಿ ಪಾಯದ ಒಳಗೆ ನಿಲ್ಲಬೇಕು ಎಂದರು. ಕಾಕು ಕಾಲಿಡುವುದಿಲ್ಲ ಎಂದಳು. ಪಾಯದ ಪಕ್ಕದಲ್ಲಿ ನಿಂತರೆ ಆ್ಯಪ್ ಒಪ್ಪುವುದಿಲ್ಲ ಎಂದು ಅವರು, ಒಳಗೆ ನಿಂತರೆ ನಾನು ಒಪ್ಪುವುದಿಲ್ಲ ಎಂದು ಇವಳು. ನಾನು ಇಬ್ಬರ ನಡುವೆ ಬೊಬ್ಬೆ ಎದ್ದ ಕೈ ಹಿಡಿದುಕೊಂಡು ನಿಂತಿದ್ದೆ. ಕಡೆಗೆ ಚಹಾದ ಮಾತಾಡಿದ ಆ ಹೆಂಗಸೇ ಒಂದು ಹಲಗೆ ತಂದು ಪಾಯದ ಈ ಬದಿಯ ಕಲ್ಲಿನಿಂದ ಆ ಬದಿಯ ಕಲ್ಲಿಗೆ ಅಡ್ಡ ಹಾಕಿದಳು. ಕಾಕು ಚಪ್ಪಲಿ ಬಿಟ್ಟು ಹಲಗೆಯ ಮೇಲೆ ಹೋಗಿ ನಿಂತಳು. ಅವಳು ನೆಲಕ್ಕೂ ತಾಗಿರಲಿಲ್ಲ, ಪಾಯಕ್ಕೂ ತಾಗಿರಲಿಲ್ಲ, ಫೋಟೊದಲ್ಲಿ ಮಾತ್ರ ಒಳಗಿದ್ದಳು. ನೆಟ್‌ವರ್ಕ್ ಸಿಗದೆ ಎಂಜಿನಿಯರು ನೀರಿನ ಟಾಕಿಯ ಮೆಟ್ಟಿಲು ಹತ್ತಿ ಮೂರನೆಯ ಸಲಕ್ಕೆ ಅದನ್ನು ಕಳಿಸಿದರು.

ಶ್ರಾವಣದಲ್ಲಿ ಹನ್ನೊಂದು ಮನೆಯವರಿಗೂ ಅದೇ ಗೌಂಡಿ ಬೇಕಾದ. ನಮ್ಮ ಪಾಳಿ ಬರಲು ಹದಿನೆಂಟು ದಿನ ಹಿಡಿಯಿತು. ಗೋಡೆ ಏಳುತ್ತಲೇ ಶೇಡಬಾಳದ ಬೀಗರು ಬಂದು, ತಲೆ ಎತ್ತಿ ಆಕಾಶ ನೋಡಿದರು. ಆದರೆ ಮಾತು ಕೊಟ್ಟದ್ದು ಗೋಡೆಗೆ. ಗೋಡೆ ಇತ್ತು. ಏಳು ತಿಂಗಳಿಗೆ ಕುಬಸದ ಶಾಸ್ತ್ರ ಮುಗಿಸಿ ತಂಗಿಯನ್ನು ಕಳಿಸಿಕೊಟ್ಟರು. ಮೇಲೆ ಛತ್ತು ಹಾಕುವತನಕ ಅವಳು ನಮ್ಮ ಮನೆಯಲ್ಲೇ ಮಲಗಿದಳು. ಸರಕಾರದ ಎರಡನೆಯ ಕಂತಿನ ದಾರಿ ನೋಡುತ್ತ ಕೂತರೆ ಕೂಸಿಗೆ ಹಲ್ಲು ಬರುತ್ತವೆ ಎಂದು ಕಾಕು ಆರು ಕುರಿ ಮಾರಿ ಸ್ಲ್ಯಾಬ್ ಹಾಕಿಸಿದಳು. ಅದರ ಕೆಳಗೆ ಆಸರೆಗೆ ಕೊಟ್ಟ ಕಂಬ, ಹಲಗೆ ತೆಗೆದ ನಾಲ್ಕನೆಯ ದಿನ ಚಿಕ್ಕೋಡಿಯ ದವಾಖಾನೆಯಲ್ಲಿ ಹೆಣ್ಣು ಕೂಸಾಯಿತು. ಮೂರನೆಯ ದಿನ ತಾಯಿ ಕೂಸು ಹೊಸ ಕೋಣೆಗೆ ಬಂದರು. ಗೋಡೆಗೆ ಸಿಮೆಂಟಿನ ಗಿಲಾವು ಇರಲಿಲ್ಲ, ಬಾಗಿಲೂ ಇರಲಿಲ್ಲ. ಬಾಗಿಲಿನ ಜಾಗಕ್ಕೆ ಕಾಕು ಕರಿ ಕಂಬಳಿ ಕಟ್ಟಿದ್ದಳು.

ಆರನೆಯ ದಿನ ಎಂಜಿನಿಯರು ಬಂದರು. ಛತ್ತಿನ ಫೋಟೊ ಒಳಗಿನಿಂದ ಬೇಕು, ಈ ವಾರವೇ ಹೋಗಬೇಕು, ಮೇಲಿನಿಂದ ದಿನಾ ಫೋನು ಬರುತ್ತಿದೆ ಎಂದರು. ಕಂಬಳಿ ಸರಿಸಿ ಕಾಕು ಹೊರಗೆ ಬಂದು, ಅದರ ಮುಂದೆಯೇ ನಿಂತಳು.

"ಸಾವಕಾಶ ಮಾತಾಡ್ರಿ, ಈಗ ಮಲಗೇತಿ. ಪುರುಡ ಐತ್ರಿ, ಗಂಡಸರು ಒಳಗ ಬರಂಗಿಲ್ಲ."

"ಎರಡ ನಿಮಿಷದ ಕೆಲಸಾ ರೀ ಯವ್ವಾ."

"ನಮ್ಮ ಭಾವನ ಮಗನ್ನೂ ಹೊರಗ ನಿಲ್ಲಿಸೀನಿ, ನೋಡ್ರಿ." ನನ್ನನ್ನು ತೋರಿಸಿದಳು.

"ಗಡುವು ಐತ್ರಿ."

"ಹೌದ್ರಿ, ನಮಗೂ ಇತ್ತು. ಹನ್ನೆರಡನೇ ದಿನಕ್ಕ ತೊಟ್ಲ ಹಾಕ್ತೀವಿ. ಆವತ್ತ ಬರ್ರಿ. ಫೋಟೋನೂ ತಗೋರಿ, ಊಟಾನೂ ಮಾಡ್ರಿ."

ಅವರು ನನ್ನ ಮುಖ ನೋಡಿದರು. ಒಳಗೆ ಕೂಸು ಎದ್ದು ಅಳತೊಡಗಿತು. ಕಾಕು ಕಂಬಳಿಯ ಹಿಂದೆ ಹೋದಳು. ಎಂಜಿನಿಯರು ದನಿ ತಗ್ಗಿಸಿ, ಹನ್ನೆರಡನೆಯ ದಿನ ಯಾವ ವಾರ ಬೀಳುತ್ತದೆ ಎಂದು ನನ್ನನ್ನು ಕೇಳಿದರು.