ತವರಿನ ನೀಲಿ ಬಳೆ

ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ನಮ್ಮ ಹಳ್ಳಿ. ಹೊಗೆಸೊಪ್ಪು ಬೆಳೆಯುವ ಮನೆ ನಮ್ಮದು. ಬ್ಯಾರನ್ ಅನ್ನುವ ಬೆಂಕಿಮನೆಯ ಶಾಖಕ್ಕೆ ಒಣಗಿದ ಸೊಪ್ಪನ್ನು ಜಗುಲಿಗೆ ತಂದು, ಬಣ್ಣ ನೋಡಿ ಗುಡ್ಡೆ ಮಾಡುತ್ತೇವೆ. ಹಳದಿಯದು ಒಂದು ಕಡೆ, ಕಂದು ಒಂದು ಕಡೆ, ಹಸಿರು ಉಳಿದದ್ದು ಇನ್ನೊಂದು ಕಡೆ. ಬೇಲ್ ಅಂತ ಕಟ್ಟುವ ಕಂದು ಸೊಪ್ಪಿನ ಹೊರೆಯೊಳಗೆ ಹಸಿರು ಕಂಡರೆ ಹರಾಜಿನಲ್ಲಿ ಇಡೀ ಬೇಲೇ ಕೆಳಗಿನ ದರ್ಜೆಗೆ ಇಳಿಯುತ್ತದೆ.

ಹೋದ ವರ್ಷ ಹಾಗೇ ಆಯಿತು. ನನ್ನ ಗಂಡ ಹರಾಜಿನಿಂದ ಬಂದವರೇ ಒಂದು ಕಂದು, ಒಂದು ಹಸಿರು, ಎರಡು ಎಲೆ ತಂದು ಮಗನ ಮುಂದೆ ಎಸೆದರು. ಅವನು ಐಟಿಐ ಮುಗಿಸಿ ಮನೆಯಲ್ಲೇ ಇದ್ದ.

"ಕಣ್ಣು ಎಲ್ಲಿಟ್ಟಿದ್ಲಾ? ಮೊಬೈಲ್ ನೋಡ್ಕಂಡು ಆರಿಸಿದ್ಯಾ?"

"ಸೊಪ್ಪು ನೋಡ್ಕಂಡೇ ಆರಿಸಿವ್ನಿ ಕಣಪ್ಪ. ಎಲ್ಡೂ ಒಂದೇ ಥರ ಅವೆಯಲ್ಲ."

"ಒಂದೇ ಥರವಾ! ಥೇಟ್ ನಿಮ್ ತಾತನೇ ಕಣ್ಲಾ ನೀನು. ಆ ಮನ್ಸನೂ ಇಂಗೇ, ಟೊಮೆಟೊ ಕಿತ್ಕಂಡ್ ಬಾ ಅಂದ್ರೆ ಅರ್ಧ ಕಾಯೇ ತತ್ತಿದ್ದ."

ತಾತ ಅಂದರೆ ನನ್ನ ಅಪ್ಪ. ತೀರಿಕೊಂಡು ಬಹಳ ಕಾಲವಾಯಿತು. ಊರವರು ಅವನನ್ನು ಮೈಗಳ್ಳ ಅನ್ನುತ್ತಿದ್ದರು. ಅಪ್ಪ ಎದುರಾಡುತ್ತಿರಲಿಲ್ಲ, ಬೀಡಿ ಹಚ್ಚಿಕೊಂಡು ಕೆರೆ ಏರಿಯ ಕಡೆ ಒಬ್ಬನೇ ಹೋಗಿಬಿಡುತ್ತಿದ್ದ.

ಎಲೆ ಎಸೆದ ಆ ದಿನದಿಂದ ನನ್ನ ಗಂಡನಿಗೂ ಮಗನಿಗೂ ಮಾತು ನಿಂತಿತು. ಇಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಮುದ್ದೆ ಬಡಿಸುತ್ತಿದ್ದೆ. ಮೂರು ಜನ ಇದ್ದೂ ಮನೆಯಲ್ಲಿ ಕೇಳುತ್ತಿದ್ದದ್ದು ನನ್ನ ಪಾತ್ರೆಯ ಸದ್ದೊಂದೇ. ದೀಪ ಹಚ್ಚುವಾಗ ಮಾದಪ್ಪನ ಪಟದ ಮುಂದೆ ಒಂದಿಷ್ಟು ಮಾತಾಡಿಕೊಳ್ಳುತ್ತಿದ್ದೆ. ಬೈಯದೆ ಕೇಳುತ್ತಿದ್ದನಲ್ಲ, ಅದೇ ದೊಡ್ಡದು.

ಒಂದು ದಿನ ಮಗ ಅಂದ, "ಅವ್ವ, ನಾನು ಈ ಮನೇಲಿ ಯಾವ ಕೆಲ್ಸಕ್ಕೂ ಬರಾಕಿಲ್ಲ. ಮಡಿಕೇರಿ ಕಡೆ ಓಟ್ಲು ಕೆಲ್ಸಕ್ಕೆ ಒಂಟೋಯ್ತೀನಿ."

ಮಾತು ಮರೆಸಲು, "ಮೊದ್ಲು ಪೂಜೆಗೆ ಎಲ್ಡು ದಾಸವಾಳ ತತ್ತಾ ಮಗಾ" ಅಂದೆ. ಬಾಗಿಲಲ್ಲೇ ನಿಂತು ನೋಡಿದೆ. ಗಿಡದ ತುಂಬ ಕೆಂಪು ಹೂವು, ಇಲ್ಲಿಂದಲೇ ಕಾಣುತ್ತವೆ. ಅವನು ಹತ್ತಿರ ಹೋಗಿ, ಕೊಂಬೆ ಬಗ್ಗಿಸಿ, ಎಲೆಯ ನಡುವೆ ಕೈಯಾಡಿಸಿ ಹುಡುಕುತ್ತಿದ್ದ. ನನ್ನ ಅಪ್ಪನೂ ಹಾಗೇ ಹುಡುಕುತ್ತಿದ್ದ. ಇದು ಕಣ್ಣಿನದೇ ಇರಬೇಕು ಅನ್ನಿಸಿತು.

ಮಾರನೆಯ ದಿನ ಅವನನ್ನು ಕರೆದುಕೊಂಡು ಹುಣಸೂರಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಡಾಕ್ಟರಮ್ಮ ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, ಒಳಗಿರುವ ಅಂಕಿ ಓದು ಅಂದರು. ನನಗೆ ಕಂಡ ಅಂಕಿ ಅವನಿಗೆ ಕಾಣಲಿಲ್ಲ.

"ಇದು ಕಾಯಿಲೆ ಅಲ್ಲಮ್ಮ, ಹುಟ್ಟಿನಿಂದಲೇ ಬಂದಿರೋದು. ಕೆಂಪು, ಹಸಿರು, ಕಂದು ಇವನಿಗೆ ಬೇರೆ ಬೇರೆ ಅನ್ಸಲ್ಲ. ನೀಲಿ, ಹಳದಿ ಚೆನ್ನಾಗಿ ಕಾಣುತ್ತೆ. ನಿಮ್ಮ ತಂದೆಗೂ ಹೀಗೇ ಇತ್ತಾ?"

"ಇತ್ತು ಅನ್ಸುತ್ತೆ. ಮತ್ತೆ ನನಗ್ಯಾಕಿಲ್ಲ? ನನ್ನ ತಮ್ಮಂಗೂ ಇಲ್ವಲ್ಲ?"

ಡಾಕ್ಟರು ಒಂದು ಚೀಟಿಯ ಹಿಂದೆ ಗೆರೆ ಎಳೆದು ತೋರಿಸಿದರು. ಹೆಣ್ಣಿಗೆ ಎಕ್ಸ್ ಅನ್ನುವ ಎಳೆ ಎರಡಂತೆ, ಅಪ್ಪನದೊಂದು, ಅವ್ವನದೊಂದು. ಬಣ್ಣ ತಿಳಿಸುವ ಗುಣ ಆ ಎಳೆಯಲ್ಲಿರುತ್ತದಂತೆ. ಒಂದರಲ್ಲಿ ಕೊರತೆಯಿದ್ದರೂ ಇನ್ನೊಂದು ಕೈ ಹಿಡಿಯುತ್ತದೆ, ಅದಕ್ಕೇ ನನಗೆ ಎಲ್ಲ ಬಣ್ಣವೂ ಕಾಣುತ್ತದೆ. ಗಂಡಿಗೆ ಎಕ್ಸ್ ಒಂದೇ, ಅದು ಅವ್ವನಿಂದಲೇ ಬರಬೇಕು. ಅಪ್ಪ ಮಗನಿಗೆ ಕೊಡುವುದು ವೈ ಅನ್ನುವ ಬೇರೆ ಎಳೆ.

"ಹಾಗಾಗಿ ನಿಮ್ಮ ತಂದೆಯ ಈ ಗುಣ ಅವರಿಂದ ಮಗನಿಗೆ ಹೋಗೋಕೇ ಆಗಲ್ಲ. ಮಗಳಿಗೆ ಹೋಗಿ, ಮಗಳಿಂದ ಮೊಮ್ಮಗನಿಗೆ ಬರಬಹುದು. ನಿಮಗೆ ಇನ್ನೊಬ್ಬ ಮಗ ಇದ್ದಿದ್ರೆ ಅವನಿಗೆ ಬರಬಹುದಿತ್ತು, ಬರದೇನೂ ಇರಬಹುದಿತ್ತು."

ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಅತ್ತೆ. ಅಪ್ಪನ ಹೊಲ, ಮನೆ, ಕೊನೆಗೆ ಆ ಚೂಪು ಮೂಗೂ ತಮ್ಮನಿಗೇ ಹೋಗಿತ್ತು. ವಂಶ ಅಂದರೆ ಗಂಡುಮಕ್ಕಳದು ಅಂತಲೇ ಕೇಳಿ ಬೆಳೆದವಳು ನಾನು. ಅಪ್ಪನದೊಂದು ಗುಣ ನನ್ನ ಮೈಯನ್ನೇ ದಾರಿ ಮಾಡಿಕೊಂಡು ಬಂದಿತ್ತು.

ಸಂಜೆ ತಮ್ಮನಿಗೆ ಫೋನು ಮಾಡಿದೆ. "ಅಪ್ಪಂಗೆ ಬಣ್ಣ ಕಾಣ್ತಿರಲಿಲ್ಲ ಕಣೋ, ಮೈಗಳ್ಳ ಅಲ್ಲ."

"ಅಯ್ಯೋ ಬುಡಕ್ಕ, ಸತ್ತೋರ ಸುದ್ದಿ ಈಗ್ಯಾಕೆ? ಗದ್ದೇಲಿವ್ನಿ, ಆಮೇಕೆ ಮಾಡ್ತೀನಿ." ಮಾಡಲಿಲ್ಲ. ಅಪ್ಪನನ್ನು ಬಲ್ಲವರು ಇನ್ನು ಯಾರಿದ್ದಾರೆ ಹೇಳಲು?

ಗಂಡನಿಗಂತೂ ಹೇಳಲೇಬೇಕಿತ್ತು, ಮಗ ಬಟ್ಟೆ ಕಟ್ಟಿಟ್ಟಿದ್ದ. ಊಟಕ್ಕೆ ಕೂತಾಗ ಹೇಳಿದೆ, "ರೀ, ಅವನ ತಪ್ಪಲ್ಲ. ನನ್ನ ಕಡೆಯಿಂದ ಬಂದದ್ದು." ಡಾಕ್ಟರು ಅಂದದ್ದನ್ನೆಲ್ಲ ತಿಳಿದಷ್ಟು ಬಿಡಿಸಿ ಹೇಳಿದೆ.

ಅವರು ಮುದ್ದೆ ಮುರಿದು ಸಾರಿಗೆ ಅದ್ದಿದರು. ಆಮೇಲೆ, "ಅಂಗಾದ್ರೆ ನಮ್ ಕಡೆಯಿಂದ ಏನೂ ಬಂದಿಲ್ಲ ಅನ್ನು" ಅಂದರು.

"ಕ್ವಾಪ ಬಂದೈತಲ್ಲ" ಅಂದೆ.

ಅವರು ನಗಲಿಲ್ಲ. ಕೈತೊಳೆದು, ಕೋಣೆಯ ಕಡೆ ನೋಡದೆ ಕೂಗಿದರು, "ಲೋ, ನಾಳಿಂದ ಬ್ಯಾರನ್ ಬೆಂಕಿ ನೀನೇ ನೋಡ್ಕ. ಸೊಪ್ಪಿನ ಬಣ್ಣ ನಿಮ್ಮವ್ವ ನೋಡ್ಕತಾಳೆ."

ಕೋಣೆಯಿಂದ "ಊಂ" ಅಂತ ಬಂತು. ನನಗೆ ಅಷ್ಟು ಸಾಕು, ದೇವರು ದೊಡ್ಡವನು.

ಈಗ ಜಗುಲಿಯಲ್ಲಿ ಒಬ್ಬಳೇ ಕೂತು ಸೊಪ್ಪು ಆರಿಸುತ್ತೇನೆ. ಮದುವೆಯಾದ ಹೊಸದರಲ್ಲಿ ಗೌರಿ ಹಬ್ಬಕ್ಕೆ ಅಪ್ಪ ಸಂತೆಯಲ್ಲಿ ತಾನೇ ಆರಿಸಿ ಬಳೆ ತಂದಿದ್ದ, ಹಸಿರು ಅಂತ ಕಂದು ಬಣ್ಣದ್ದನ್ನು. "ಗೌರಿಗೆ ಹಸಿರು ಬಳೆ ತರಕ್ಕೂ ಬರಾಕಿಲ್ವಾ ನಿಮ್ಮಪ್ಪಂಗೆ?" ಅಂತ ಅತ್ತೆ ನಕ್ಕಿದ್ದರು. ಮುಂದಿನ ವರ್ಷದಿಂದ ಅಪ್ಪ ಬರೀ ನೀಲಿ ಬಳೆಯನ್ನೇ ತಂದ, ಸಾಯುವವರೆಗೂ. ಯಾಕೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಈಗ ಅರ್ಥವಾಗುತ್ತದೆ, ಇನ್ನೊಮ್ಮೆ ತಪ್ಪಬಾರದು ಅಂತ ತನಗೆ ಖಾತ್ರಿಯಿದ್ದ ಬಣ್ಣವನ್ನೇ ಹಿಡಿದಿದ್ದ. ಅತ್ತೆಗೆ ಹೆದರಿ ಅವನ್ನು ದೇವರ ಗೂಡಿನ ಕೆಳಗೆ ಡಬ್ಬಿಯಲ್ಲಿ ಇಟ್ಟಿದ್ದೆ.

ಈ ಸಲದ ಗೌರಿಗೆ ತೆಗೆದು ತೊಟ್ಟುಕೊಂಡೆ. ಬೆಂಕಿಯ ಮುಂದಿನಿಂದ ಎದ್ದು ಕಾಫಿಗೆ ಬಂದ ಮಗ ನನ್ನ ಕೈಯನ್ನೇ ನೋಡಿದ. ಇಷ್ಟು ವರ್ಷ ನನ್ನ ಬಳೆಯ ಮಾತೆತ್ತಿದವನಲ್ಲ.

"ಅವ್ವ, ಬಳೆ ಎಷ್ಟು ಚೆನ್ನಾಗವೆ! ಯಾವಾಗ ತಗಂಡೆ?"

"ನಿಮ್ ತಾತ ತಂದಿದ್ದು ಕಣ ಮಗಾ" ಅಂದು ಲೋಟ ಕೊಟ್ಟೆ.