ಹಿಪ್ಪುನೇರಳೆ ಕಡ್ಡಿಯ ವೇಣಿ ಅಕ್ಕ

ನಂಬಲ್ಲ... ನಾನಂತೂ ನಂಬಲ್ಲ.

ನಿನ್ನೆ ಸಂಜೆ ಶ್ರೀನಿವಾಸಪುರ ಬಸ್ ಸ್ಟ್ಯಾಂಡಿನಲ್ಲಿ, "ನಾಳೆ ಫಸ್ಟ್ ಅವರ್ ನಂದು. ನಿನ್ ಕೆಮಿಸ್ಟ್ರಿ ತಂದು ಅಡ್ಡ ಹಾಕ್ಬೇಡ ಕಣಪ್ಪಾ" ಎಂದು ನಕ್ಕು ಬಸ್ ಹತ್ತಿದವರು...
ಬೆಳಗಾಗುವಷ್ಟರಲ್ಲಿ ಇಲ್ಲ ಅಂದರೆ ಹೇಗೆ ನಂಬಲಿ?
ಹಾರ್ಟ್ ಅಟ್ಯಾಕ್ ಅಂತೆ.

ನಾನು ಕೆಮಿಸ್ಟ್ರಿ ಪಾಠ ಮಾಡುವ ಪಿಯು ಕಾಲೇಜಿನ ಬಯಾಲಜಿ ಲೆಕ್ಚರರ್ ನಾಗವೇಣಿ ಮೇಡಂ.
ನನಗೆ ವೇಣಿ ಅಕ್ಕ.

ಗೌನಿಪಲ್ಲಿಗೆ, ಅವರ ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.
ಅಳುವಿಗಿಂತ ಸಿಟ್ಟೇ ಹೆಚ್ಚು ಬರುತ್ತಿದೆ... ಯಾಕೆ ಅಂತ ಹೇಳುತ್ತೇನೆ.

ಪಿಷ್ಟ, ಸೆಲ್ಯುಲೋಸ್ ಪಾಠವನ್ನು ಅಕ್ಕ ಬೋರ್ಡ್ ಮೇಲೆ ಮಾಡಿದವರೇ ಅಲ್ಲ.
ಮಕ್ಕಳನ್ನು ಅಂಗಳಕ್ಕೆ ಕರೆದು, ಕೈ ಕೈ ಹಿಡಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ಒಬ್ಬೊಬ್ಬರೂ ಒಂದೊಂದು ಗ್ಲೂಕೋಸ್.
ಎಲ್ಲರೂ ಒಂದೇ ಕಡೆ ಮುಖ ಮಾಡಿದರೆ ಪಿಷ್ಟ... ಸಾಲು ಸುರುಳಿ ಸುತ್ತಿಕೊಳ್ಳುತ್ತದೆ.
ಒಬ್ಬರು ಮುಂದಕ್ಕೆ, ಪಕ್ಕದವರು ಹಿಂದಕ್ಕೆ ಮುಖ ಮಾಡಿದರೆ ಸೆಲ್ಯುಲೋಸ್... ನೆಟ್ಟಗೆ, ಬಿಗಿಯಾಗಿ.

"ಮುದ್ದೆನೂ ಗ್ಲೂಕೋಸೇ, ಹುಲ್ಲೂ ಗ್ಲೂಕೋಸೇ ಕಣ್ರೋ. ಕೈ ಹಿಡ್ಕೊಂಡಿರೋ ರೀತಿ ಬೇರೆ, ಅಷ್ಟೇ. ಅದಕ್ಕೇ ಮುದ್ದೆ ನಿಂಗೆ, ಹುಲ್ಲು ಹಸೂಗೆ."

ಆಮೇಲೆ ತಾವೇ ನಮ್ಮ ಎಂಜಲಿನ ಎಂಜೈಮ್ ಆಗಿ ಬರುತ್ತಿದ್ದರು.
ಪಿಷ್ಟದ ಸಾಲನ್ನು ಪಟಪಟ ಬಿಡಿಸುವರು. ಸೆಲ್ಯುಲೋಸ್ ಸಾಲನ್ನು ಮಾತ್ರ ಎಳೆದೂ ಎಳೆದೂ ಸೋತು, "ನನ್ ಕೈಲಾಗಲ್ಲಪ್ಪಾ... ಹಸು ಹೊಟ್ಟೇಲಿರೋ ಸೂಕ್ಷ್ಮಜೀವೀನ ಕರೀರಿ" ಎಂದು ನೆಲಕ್ಕೆ ಕೂತುಬಿಡುವರು.

ಕಳೆದ ವರ್ಷ ಒಬ್ಬ ತಂದೆ ಬಂದು ಕೂಗಾಡಿದ.
"ನಮ್ ಹುಡುಗಿ ಕೈನ ಹುಡುಗ್ರು ಹಿಡಿಯೋದು ಯಾವ್ ಸೀಮೆ ಪಾಠ?"
ಅಂಗಳದ ಪಾಠ ಬಂದ್ ಅಂದರು ಪ್ರಿನ್ಸಿಪಾಲರು.

ಮಾರನೇ ದಿನ ಅಕ್ಕ ಬಸ್ಸಿಂದ ಇಳಿದದ್ದು ಒಂದು ಹೊರೆ ಹಿಪ್ಪುನೇರಳೆ ಕಡ್ಡಿಯ ಜೊತೆ. ಮನೆಯಲ್ಲಿ ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟ ಬರೀ ಕಡ್ಡಿ.
"ಇನ್ಮೇಲೆ ಯಾರೂ ಯಾರ ಕೈನೂ ಹಿಡಿಯಲ್ಲ ಸಾರ್, ಕಡ್ಡಿ ಹಿಡೀತಾರೆ. ಇದೂ ಸೆಲ್ಯುಲೋಸೇ."
ಅಂಗಳದ ಪಾಠ ಮತ್ತೆ ಶುರುವಾಯಿತು. ಮೊದಲ ಕಡ್ಡಿ ಹಿಡಿದವಳು ಆ ತಂದೆಯ ಮಗಳೇ.

ಇವತ್ತು ಸ್ಟಾಫ್ ಗ್ರೂಪಿನಲ್ಲಿ ಅಕ್ಕನ ಫೋಟೋ... ಎಲ್ಲರ ಕೈಮುಗಿದ ಇಮೋಜಿ...
ಅದರ ಕೆಳಗೇ ಪ್ರಿನ್ಸಿಪಾಲರ ಮೆಸೇಜು. ಮೇಡಂ ಪೋರ್ಷನ್ನು ನಾನು ನೋಟ್ಸ್ ಕೊಟ್ಟು ಮುಗಿಸಬೇಕಂತೆ. ಅಂಗಳದ ಆಟ ಇನ್ನು ಬೇಡವಂತೆ. ಸ್ಟಾಫ್ ರೂಮಿನ ಮೂಲೆಯ ಕಡ್ಡಿ ಹೊರೆ ಎಸೆಯಬೇಕಂತೆ.

ಅಕ್ಕಾ...
ನಿಮ್ಮನ್ನು ಇನ್ನೂ ಮಣ್ಣು ಮಾಡಿಲ್ಲ, ಆಗಲೇ ನಿಮ್ಮ ಪಾಠಕ್ಕೆ ಮಣ್ಣು ಹಾಕಲು ಹೊರಟಿದ್ದಾರೆ.
ನಾನು ಬಿಡುವವನಲ್ಲ.
"ಎಸೆಯಲ್ಲ ಸಾರ್. ಮೆಮೋ ಕೊಡೋದಿದ್ರೆ ಕೊಡಿ" ಅಂತ ಗ್ರೂಪಿನಲ್ಲೇ ಬರೆದಿದ್ದೇನೆ.

ನೀವಿದ್ದಿದ್ದರೆ, "ಏಮಪ್ಪಾ, ಇಷ್ಟೊಂದ್ ರೋಷ ನಿಂಗೆಲ್ಲಿತ್ತು" ಅಂತ ರೇಗಿಸುತ್ತಿದ್ದಿರಿ.
ರೇಗಿಸೋಕಾದರೂ ಇರಬೇಕಿತ್ತು ಅಕ್ಕ...

ನಾಳೆ ಕಾಲೇಜಿಗೆ ರಜೆ.
ನಾಡಿದ್ದು ಫಸ್ಟ್ ಅವರ್ ಮಕ್ಕಳು ಅಂಗಳದಲ್ಲೇ ಇರುತ್ತಾರೆ. ನಿಮ್ಮ ಕಡ್ಡಿ ಅವರ ಕೈಯಲ್ಲಿರುತ್ತದೆ.
ಪಿಷ್ಟದ ಸಾಲನ್ನು ನಾನು ಬಿಡಿಸುತ್ತೇನೆ. ನಿಮ್ಮಷ್ಟು ಚೆನ್ನಾಗಿ ಬರಲ್ಲ, ಮಕ್ಕಳು ನಗುತ್ತಾರೆ. ನಗಲಿ.
ಆಮೇಲೆ ಒಬ್ಬರನ್ನು ಮುಂದಕ್ಕೆ, ಪಕ್ಕದವರನ್ನು ಹಿಂದಕ್ಕೆ ಮುಖ ಮಾಡಿಸಿ ಬಿಗಿಯಾಗಿ ನಿಲ್ಲಿಸುತ್ತೇನೆ.
ಆ ಸಾಲನ್ನು ಬಿಡಿಸೋಕೆ ಪ್ರಿನ್ಸಿಪಾಲರನ್ನೇ ಕರೆಯುತ್ತೇನೆ.
ಬಂದು ಎಳೆದು ನೋಡಲಿ.

ಹೋಗಿ ಬನ್ನಿ ವೇಣಿ ಅಕ್ಕ... ನಿಮ್ಮ ಜೀವ ಇನ್ನಾದರೂ ತಣ್ಣಗಿರಲಿ.
ಫಸ್ಟ್ ಅವರ್ ನಿಮ್ಮದೇ.